ಶೆಟ್ಟಿಹಳ್ಳಿಯ ಬೇಸಿಗೆ ಚಿತ್ರಗಳು

ಬೇಸಿಗೆ ರಜೆಯಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಶೆಟ್ಟಿಹಳ್ಳಿಗೆ ಹೋಗುವುದುಂಟು. ಹೇಮಾವತಿಯ ಹಿನ್ನೀರು ಇಳಿದು, ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಒಣನೆಲದ ಮೇಲೆ ನಿಂತಿರುವ ಕಾಲವದು. ಹೋಗಬೇಡಿ ಎನ್ನುವವನು ನಾನಲ್ಲ. ಮಕ್ಕಳಿಗೆ ಆ ಬಯಲು, ಆ ಗಾಳಿ ಬೇಕು. ನನ್ನ ತಕರಾರು ಅಲ್ಲಿಂದ ಬರುವ ಛಾಯಾಚಿತ್ರಗಳ ಬಗ್ಗೆ.

ಪಾಳುಗುಡಿಯನ್ನು ಚಿತ್ರದಂತೆ ಸವಿಯುವ ಈ ರೂಢಿಯನ್ನು ಬೆಳೆಸಿದವರಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಗುರು ವಿಲಿಯಂ ಗಿಲ್ಪಿನ್ ಒಬ್ಬರು. ವೈ ನದಿಯ ಬೇಸಿಗೆ ವಿಹಾರವನ್ನು ಕುರಿತ ಅವರ ಪುಸ್ತಕ ಬಂದದ್ದು 1782ರಲ್ಲಿ. 1536ರಲ್ಲಿ ಎಂಟನೆಯ ಹೆನ್ರಿ ಮುಚ್ಚಿಸಿದ ಟಿಂಟರ್ನ್ ಮಠದ ಗೋಡೆಗಳು ತೀರಾ ನೇರವಾಗಿವೆ, ಸುತ್ತಿಗೆಯಿಂದ ಒಂದಿಷ್ಟು ಒಡೆದರೆ ಚೆಲುವು ಹೆಚ್ಚೀತು ಎಂದರು ಈ ಮಹಾಶಯರು! ಆದರೂ, ಸನ್ಯಾಸಿಗಳ ಗ್ರಂಥಾಲಯ ತೋರಿಸುತ್ತೇನೆಂದು ಕರೆದೊಯ್ದ ಬಡ ಹೆಂಗಸು ಕೊನೆಗೆ ತೋರಿಸಿದ್ದು ಪಾಳಿನೊಳಗಿನ ತನ್ನ ಬಿಡಾರವನ್ನೇ ಎಂಬುದನ್ನು ಮರೆಯದೆ ಬರೆದರು.

ನಮ್ಮ ಚಿತ್ರಗಳಲ್ಲಿ ಅಷ್ಟೂ ಇಲ್ಲ. ಗಾಥಿಕ್ ಕಮಾನಿದೆ, ಮೋಡವಿದೆ. 1979ರಲ್ಲಿ ಪೂರ್ಣಗೊಂಡ ಗೊರೂರು ಅಣೆಕಟ್ಟಿಗಾಗಿ ಊರು ಬಿಟ್ಟವರ ಸುಳಿವಿಲ್ಲ. ಕೆಳಗೆ ‘ಮುಳುಗುವ ಚರ್ಚ್’ ಎಂಬ ಒಕ್ಕಣೆ. ಮುಳುಗಿದ್ದು ಚರ್ಚ್ ಮಾತ್ರವೇ? ಆ ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದು, ಬಲಿಪೀಠ ಎಲ್ಲಿತ್ತು, ನಿಮ್ಮ ಮನೆ ಎಲ್ಲಿತ್ತು ಎಂದು ಕೇಳಿ ನೋಡಿ.