ಒಗ್ಗರಣೆ, ಫೋಡಣಿ, ಬಘಾರ್

ಎಣ್ಣೆ ಕಾಯಿಸಿ ಸಾಸಿವೆ ಸಿಡಿಸುವ ಒಂದೇ ಕೆಲಸಕ್ಕೆ ದಾಂಡೇಲಿಯಲ್ಲಿ ಎಷ್ಟೊಂದು ಹೆಸರು! 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಬೆನ್ನಿಗೆ ನಾನಾ ಸೀಮೆಯವರು ಬಂದು ನೆಲೆಸಿದ ಊರಿದು. ಕನ್ನಡದವರು ಒಗ್ಗರಣೆ ಹಾಕುತ್ತಾರೆ, ಮರಾಠಿಯವರು ಫೋಡಣಿ ಕೊಡುತ್ತಾರೆ, ಉರ್ದು ಮಾತಾಡುವ ಮನೆಗಳಲ್ಲಿ ಬಘಾರ್, ತೆಲುಗರಲ್ಲಿ ಪೋಪು.

ಫೋಡಣಿಯ ಗುಟ್ಟು ಸುಲಭ. ಮರಾಠಿಯ ‘ಫೋಡಣೆ’ ಅಂದರೆ ಒಡೆಯುವುದು, ಸಿಡಿಸುವುದು. ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಒಳಗಿನ ತೇವ ಆವಿಯಾಗಿ ಸಿಪ್ಪೆ ಬಿರಿಯುತ್ತದಲ್ಲ, ಆ ಚಟಪಟವೇ ಹೆಸರಾಗಿದೆ.

ಒಗ್ಗರಣೆಯ ಬೇರು ಇನ್ನೂ ಆಳದ್ದು. ಅದು ಸಂಸ್ಕೃತದ ‘ವ್ಯಾಘಾರಣ’ದ ತದ್ಭವ. ಯಜ್ಞದಲ್ಲಿ ಉತ್ತರವೇದಿಯ ಮೂಲೆಮೂಲೆಗೆ ತುಪ್ಪ ಎರೆಯುವ ಕ್ರಿಯೆಯ ಹೆಸರದು. ಅದರೊಳಗಿರುವ ‘ಘೃ’ ಧಾತುವಿಗೆ ಚಿಮುಕಿಸು ಎಂಬ ಅರ್ಥ. ತುಪ್ಪವನ್ನು ‘ಘೃತ’ ಎನ್ನುವುದೂ ಅದರಿಂದಲೇ. ಇದೇ ಮೂಲ ಉತ್ತರದ ಭಾಷೆಗಳಲ್ಲಿ ಬಘಾರ್ ಆಯಿತು, ಗುಜರಾತಿಯಲ್ಲಿ ವಘಾರ್ ಆಯಿತು. ಹಾಗಾಗಿ ದಾಂಡೇಲಿಯ ಅಕ್ಕಪಕ್ಕದ ಮನೆಗಳ ಒಗ್ಗರಣೆ, ಬಘಾರ್ ಎರಡೂ ಒಂದೇ ತಾಯಿಯ ಮಕ್ಕಳು. ಈ ನಂಟು ನನಗೆ ಬಹಳ ಹಿತವೆನಿಸುತ್ತದೆ.

ಹಳಿಯಾಳದ ಕಡೆ ಧಾರವಾಡದ ಗಾಳಿ, ಅಲ್ಲಿ ‘ವಗ್ಗರಣಿ’. ಮೂಲದ ವಕಾರ ಅಲ್ಲಿನವರ ನಾಲಗೆಯಲ್ಲಿ ಉಳಿದಿದೆ ಎಂದು ಹಿಗ್ಗುವಂತಿಲ್ಲ, ಒಂದನ್ನೂ ‘ವಂದು’ ಎನ್ನುವ ಮಾತು ಅದು. ಆದರೆ ಆ ಸೀಮೆ ಈ ಪದಕ್ಕೆ ಇನ್ನೊಂದು ಪಟ್ಟ ಕಟ್ಟಿದೆ. ಒಗ್ಗರಣೆ ಅವಲಕ್ಕಿ ಎಂದಾಗ ಅದು ಕೊನೆಯ ಅಲಂಕಾರವಲ್ಲ, ಅಡುಗೆಯ ಆರಂಭ. ಬಾಣಲೆಯಲ್ಲಿ ಸಾಸಿವೆ, ಜೀರಿಗೆ, ಶೇಂಗಾ, ಹಸಿಮೆಣಸು, ಕರಿಬೇವು, ಉಳ್ಳಾಗಡ್ಡಿ, ಅರಿಶಿನ ಎಲ್ಲ ಬಾಡಿದ ಮೇಲೆ ತೊಳೆದಿಟ್ಟ ಅವಲಕ್ಕಿಯೇ ಬಂದು ಒಗ್ಗರಣೆಗೆ ಬೀಳುತ್ತದೆ. ನೆನೆಸಿ ಹಿಂಡಿದ ಚುರುಮುರಿ ಬಿದ್ದರೆ ಸುಸಲಾ.

ಎಲ್ಲದಕ್ಕೂ ಒಗ್ಗರಣೆ ಬೇಕೆಂದಿಲ್ಲ. ಜೋಯಿಡಾದ ಕುಣಬಿಯರು ಬೆಳೆಯುವ ಗೆಡ್ಡೆ ಬರೀ ಬೆಂದರೂ ರುಚಿ. ಮುಂಡಗೋಡದ ಟಿಬೆಟನ್ ಕಾಲೊನಿಯ ಹಬೆಯ ಮೊಮೊ ಸಾಸಿವೆಯನ್ನು ಕೇಳುವುದೇ ಇಲ್ಲ.

ಬೇಕಾದಲ್ಲಿ ಮಾತ್ರ ಒಗ್ಗರಣೆಯನ್ನು ಎರೆಯಲೇಬೇಕು, ಅವಲಕ್ಕಿ, ಸುಸಲಾದಂಥವನ್ನು ಬಿಟ್ಟರೆ ಅದೂ ಕೊನೆಗೆ. ಬೇಳೆಯ ಜೊತೆಗೇ ಸಾಸಿವೆ, ಇಂಗು ಕುದಿಸಿಬಿಡುವ ಹೋಟೆಲ್ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಇಂಗು, ಕರಿಬೇವುಗಳ ಘಮ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಇಳಿಯುತ್ತದೆ. ಕುದಿಯುತ್ತ ಹೋದಷ್ಟೂ ಆವಿಯೊಂದಿಗೆ ಹಾರಿಹೋಗುತ್ತದೆ. ಘಟ್ಟದ ಮೇಲಿನ ಹವ್ಯಕರ ತಂಬುಳಿಯನ್ನು ನೋಡಿ: ಮಜ್ಜಿಗೆ ತಣ್ಣಗಿದೆ, ಅರೆದ ಸೊಪ್ಪು, ಕಾಯಿ ಅದರಲ್ಲಿ ಕದಡಿದೆ, ಇನ್ನು ಒಲೆಯ ಮಾತಿಲ್ಲ. ಅದಕ್ಕೆ ಬಿಸಿ ಮುಟ್ಟುವುದು ಸೌಟಿನ ತುಪ್ಪದಿಂದ ಮಾತ್ರ. ಜೀರಿಗೆ ಕೆಂಪಾಗಿ ಮೆಣಸು ಉಬ್ಬಿದೊಡನೆ ಸುರಿಯಬೇಕು. ತಡವಾದರೆ ಜೀರಿಗೆ ಕಪ್ಪಾಗಿ ತಂಬುಳಿಯೆಲ್ಲ ಕಹಿ. ಸುರಿದ ಕೂಡಲೇ ತಟ್ಟೆ ಮುಚ್ಚಿ, ಊಟಕ್ಕೆ ಕೂತ ಮೇಲೆ ತೆಗೆಯಿರಿ.