ಹುಲಿಯ ಕಥೆಯೂ ಕುರ್ಚಿಯ ಕೆಲಸವೂ

ಮನಸ್ಸಿನ ಗಾಯಕ್ಕೆ ಮೈಯ ಮೂಲಕ ಮದ್ದು ಹುಡುಕುವ ಚಿಕಿತ್ಸೆಗಳ ಸಾಲಿನಲ್ಲಿ ಇವತ್ತು ಎದ್ದು ಕಾಣುವುದು ಅಮೆರಿಕದ ಪೀಟರ್ ಲೆವಿನ್ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್. ಅದರ ಹುಟ್ಟಿನ ಕಥೆ ಸಿನಿಮಾದ ಹಾಗಿದೆ. 1969ರಲ್ಲಿ ಲೆವಿನ್ ಬಳಿಗೆ ಬಂದಿದ್ದ ಮಹಿಳೆಯೊಬ್ಬರು ಸೆಷನ್ನಿನ ನಡುವೆ ಭಯದಿಂದ ಮರಗಟ್ಟಿಹೋದರಂತೆ. ‘ಹುಲಿ ಅಟ್ಟಿಸಿಕೊಂಡು ಬರುತ್ತಿದೆ, ಓಡಿ, ಮರ ಹತ್ತಿ’ ಎಂದು ಲೆವಿನ್ ಕೂಗಿದರಂತೆ. ಆಕೆಯ ಕಾಲುಗಳು ಇದ್ದಲ್ಲೇ ಓಡತೊಡಗಿದವು, ಮೈ ನಡುಗಿತು, ಬಾಲ್ಯದಲ್ಲಿ ಟಾನ್ಸಿಲ್ ಆಪರೇಷನ್ನಿಗೆ ಬಲವಂತವಾಗಿ ಹಿಡಿದು ಮಲಗಿಸಿದ್ದು ನೆನಪಾಯಿತು, ಗಾಬರಿ ಬಿಟ್ಟುಹೋಯಿತು. 1997ರಲ್ಲಿ ಬಂದ ‘ವೇಕಿಂಗ್ ದ ಟೈಗರ್’ ಪುಸ್ತಕದ ಹೆಸರಿನಲ್ಲಿರುವುದು ಇದೇ ಹುಲಿ.

ಈ ಕಥೆ ಓದಿಕೊಂಡು ಮೊದಲ ಸೆಷನ್ನಿಗೆ ಹೋದವರಿಗೆ ನಿರಾಸೆ ಖಂಡಿತ. ಅಲ್ಲಿ ಹುಲಿಯೂ ಇಲ್ಲ, ಮರವೂ ಇಲ್ಲ. ಎರಡು ಕುರ್ಚಿ, ಹೆಚ್ಚುಕಡಿಮೆ ಒಂದು ಗಂಟೆ. ಬಟ್ಟೆ ಬಿಚ್ಚುವಂಥದ್ದೇನೂ ಇಲ್ಲ, ಇದು ಮಸಾಜೂ ಅಲ್ಲ, ಯೋಗದ ಕ್ಲಾಸೂ ಅಲ್ಲ. ‘ಆವತ್ತು ಆಕ್ಸಿಡೆಂಟ್ ಆದಾಗ...’ ಎಂದು ನೀವು ಕಥೆ ಶುರುಮಾಡಿ ಎರಡು ವಾಕ್ಯ ಆಗಿರುವುದಿಲ್ಲ, ಥೆರಪಿಸ್ಟ್ ತಡೆಯುತ್ತಾರೆ. ‘ಒಂದು ನಿಮಿಷ. ಇದನ್ನು ಹೇಳುವಾಗ ಮೈಯಲ್ಲಿ ಏನಾಗ್ತಾ ಇದೆ?’ ಬಹಳ ಜನರ ಮೊದಲ ಉತ್ತರ ‘ಏನೂ ಇಲ್ಲ’. ಆಗ ಇನ್ನೂ ಸಣ್ಣ ಪ್ರಶ್ನೆಗಳು ಬರುತ್ತವೆ: ಪಾದ ನೆಲಕ್ಕೆ ತಾಗಿರೋದು ಗೊತ್ತಾಗ್ತಿದೆಯಾ? ಅಂಗೈ ಬೆಚ್ಚಗಿದೆಯಾ, ತಣ್ಣಗಿದೆಯಾ? ಗಂಟಲು ಬಿಗಿದಿದೆ ಅಂತ ಗೊತ್ತಾದರೆ, ಬಿಗಿಯಿಲ್ಲದ ಜಾಗ ಮೈಯಲ್ಲಿ ಎಲ್ಲಿದೆ ಎಂದು ಹುಡುಕಿಸುತ್ತಾರೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಗಮನ ಹೋಗಿಬರುತ್ತದೆ. ನಡುವೆ ಕಣ್ಣು ತೆರೆದು ಕಿಟಕಿ, ಗೋಡೆ, ಫ್ಯಾನು ನೋಡಲು ಹೇಳುತ್ತಾರೆ. ನೀವು ಆಕಳಿಸಿದರೆ, ನಿಮ್ಮ ಹೊಟ್ಟೆ ಗುಡುಗುಟ್ಟಿದರೆ ಅವರು ಅದನ್ನೂ ಆಸಕ್ತಿಯಿಂದ ಗಮನಿಸುತ್ತಾರೆ. ಆಕ್ಸಿಡೆಂಟಿನ ಪೂರ್ತಿ ಕಥೆ ಅವತ್ತು ಹೊರಬರದೇ ಇರಬಹುದು. ತಿಂಗಳಾದರೂ ಬರದೇ ಇರಬಹುದು.

ಈ ನಿಧಾನವೇ ಈ ಪದ್ಧತಿಯ ದೊಡ್ಡ ಗುಣ ಎಂದು ನನ್ನ ಅಭಿಪ್ರಾಯ. ಇದರ ಹಿರಿಯರನ್ನು ನೆನೆಸಿಕೊಂಡರೆ ಅದು ಗೊತ್ತಾಗುತ್ತದೆ. ಅದುಮಿಟ್ಟ ಭಾವನೆ ಸ್ನಾಯುಗಳಲ್ಲಿ ಕವಚವಾಗಿ ಗಟ್ಟಿಯಾಗುತ್ತದೆ ಎಂದ ಫ್ರಾಯ್ಡ್ ಶಿಷ್ಯ ವಿಲ್ಹೆಲ್ಮ್ ರೈಕ್, ಕೊನೆಕೊನೆಗೆ ‘ಆರ್ಗೋನ್’ ಎಂಬ ಶಕ್ತಿಯನ್ನು ಪೆಟ್ಟಿಗೆಯಲ್ಲಿ ಹಿಡಿಯುತ್ತೇನೆಂದು ಹೊರಟು, ಕೋರ್ಟಿನ ಆದೇಶ ಮೀರಿ, 1957ರಲ್ಲಿ ಅಮೆರಿಕದ ಜೈಲಿನಲ್ಲಿ ತೀರಿಕೊಂಡ. ಅವನ ಶಿಷ್ಯ ಅಲೆಕ್ಸಾಂಡರ್ ಲೋವೆನ್ ಜನರಿಂದ ಒದೆಸಿದ, ಕಿರುಚಿಸಿದ, ಹಾಸಿಗೆ ಬಡಿಸಿದ. ಕುಕ್ಕರಿನ ಆವಿ ಬಿಟ್ಟ ಹಾಗೆ ಸಿಟ್ಟನ್ನು ಹೊರಬಿಟ್ಟರೆ ಹಗುರಾಗುತ್ತೇವೆ ಎನ್ನುವ ಆ ನಂಬಿಕೆ ನಮ್ಮ ವಾರಾಂತ್ಯದ ‘ಹೀಲಿಂಗ್’ ಶಿಬಿರಗಳಲ್ಲಿ ಇನ್ನೂ ಜೀವಂತ. ಲೆವಿನ್ ಅದಕ್ಕೆ ಬೆನ್ನು ತಿರುಗಿಸಿ, ನೋವನ್ನು ಹನಿಹನಿಯಾಗಿ ಮುಟ್ಟಬೇಕು ಎಂದರು. ಒಮ್ಮೆಲೇ ಎಲ್ಲವನ್ನೂ ಕೆದಕಿದರೆ ಗಾಯ ವಾಸಿಯಾಗುವ ಬದಲು ಇನ್ನಷ್ಟು ಹಸಿಯಾಗುತ್ತದೆ ಎಂಬ ಈ ಎಚ್ಚರ ಅವರ ನಿಜವಾದ ಕೊಡುಗೆ.

ಅವರ ಸಿದ್ಧಾಂತದ ಬಗ್ಗೆ ಇಷ್ಟು ಉದಾರವಾಗಿರಲು ನನಗಾಗದು. ಕಾಡಿನ ಪ್ರಾಣಿ ಅಪಾಯದಿಂದ ಪಾರಾದ ಮೇಲೆ ಮೈ ನಡುಗಿಸಿ ಭಯವನ್ನು ಕೊಡವಿಬಿಡುತ್ತದೆ, ಮನುಷ್ಯ ಮಾತ್ರ ಅದನ್ನು ನರಗಳಲ್ಲಿ ಹಿಡಿದಿಟ್ಟುಕೊಳ್ಳುತ್ತಾನೆ ಎಂಬುದು ಇಡೀ ಕಟ್ಟಡದ ಅಡಿಪಾಯ. ಆದರೆ 2019ರಲ್ಲಿ ಕೆನಡಾದ ಸಂಶೋಧಕರು ಚಿಕಡಿ ಎಂಬ ಪುಟ್ಟ ಕಾಡುಹಕ್ಕಿಗಳಿಗೆ ಎರಡು ದಿನ ಬೇಟೆಗಾರ ಪ್ರಾಣಿಪಕ್ಷಿಗಳ ಕೂಗು ಕೇಳಿಸಿದರು. ಏಳು ದಿನ ಕಳೆದ ಮೇಲೂ ಹಕ್ಕಿಗಳ ಮೆದುಳಿನಲ್ಲಿ, ನಡವಳಿಕೆಯಲ್ಲಿ ಭಯದ ಗುರುತು ಉಳಿದಿತ್ತು. ಹಕ್ಕಿಯೂ ಮರೆಯುವುದಿಲ್ಲ ಎಂದಾಯಿತು! ಈ ವಲಯದಲ್ಲಿ ಮಂತ್ರದಂತೆ ಜಪಿಸುವ ಸ್ಟೀಫನ್ ಪೋರ್ಜಸ್ ಅವರ, ವೇಗಸ್ ನರವೇ ನಮ್ಮ ಭಯ-ನೆಮ್ಮದಿಗಳನ್ನು ಆಳುತ್ತದೆ ಎನ್ನುವ ಪಾಲಿವೇಗಲ್ ಸಿದ್ಧಾಂತಕ್ಕೂ ಶರೀರಶಾಸ್ತ್ರಜ್ಞರಿಂದ ಗಟ್ಟಿ ಆಕ್ಷೇಪಗಳಿವೆ.

ಹಾಗಾದರೆ ಇದರಿಂದ ಗುಣವಾಗುತ್ತದೋ ಇಲ್ಲವೋ? ಇಸ್ರೇಲಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇದ್ದ 63 ಜನರಿದ್ದರು. ವಾರಕ್ಕೊಂದರಂತೆ 15 ಸೆಷನ್ ಪಡೆದವರ ಲಕ್ಷಣಗಳು ಚೆನ್ನಾಗಿಯೇ ಇಳಿದವು. ಆದರೆ ಹೋಲಿಸಿದ್ದು ಇನ್ನೊಂದು ಚಿಕಿತ್ಸೆಯೊಂದಿಗಲ್ಲ, ಸರದಿಗಾಗಿ ಕಾಯುತ್ತಿದ್ದವರೊಂದಿಗೆ. ಏನೂ ಸಿಗದವರಿಗಿಂತ ಏನೋ ಸಿಕ್ಕವರು ಮೇಲು ಎಂಬುದಷ್ಟೇ ಅದರಿಂದ ಸಾಬೀತು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ ಹೇಳಿದ್ದು ಆಘಾತವನ್ನೇ ಕೇಂದ್ರವಾಗಿಟ್ಟ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣಿನ ಚಲನೆ ಬಳಸುವ ಚಿಕಿತ್ಸೆ) ಹೆಸರುಗಳನ್ನು.

ನಮ್ಮಲ್ಲಿ ‘ಮನಸ್ಸು ಸರಿಯಿಲ್ಲ’ ಎಂದು ವೈದ್ಯರ ಬಳಿ ಹೋಗುವವರಿಗಿಂತ ‘ಎದೆ ಭಾರ’, ‘ಹೊಟ್ಟೆಯಲ್ಲಿ ತಳಮಳ’, ‘ಕೈಕಾಲಲ್ಲಿ ಸತ್ವವೇ ಇಲ್ಲ’ ಎಂದು ಹೋಗುವವರು ಹೆಚ್ಚು. ಅಂಥವರಿಗೆ ಮೈಯಿಂದ ಶುರುವಾಗುವ ಪ್ರಶ್ನೆ ಅಪರಿಚಿತವಲ್ಲ. ಬಾಯಿಬಿಟ್ಟು ಹೇಳಲು ಸಂಕೋಚಪಡುವವರಿಗಂತೂ ಕಥೆ ಹೇಳಲೇಬೇಕೆಂಬ ಒತ್ತಾಯವಿಲ್ಲದಿರುವುದೇ ದೊಡ್ಡ ನೆಮ್ಮದಿ. ಆದರೆ ಕೆಲವರಿಗೆ ಒಳಗಿನ ಎದೆಬಡಿತದ ಕಡೆ ಗಮನ ಕೊಟ್ಟರೇ ಗಾಬರಿ ಏರುತ್ತದೆ. ಮೊದಮೊದಲ ಸೆಷನ್ನುಗಳಾದ ಮೇಲೆ ಸುಸ್ತು, ಕೆಟ್ಟ ನಿದ್ದೆ, ಕಾರಣವಿಲ್ಲದ ಅಳು ಬರುವುದೂ ಉಂಟು. ‘ಒಳಗಿನದು ಹೊರಬರುತ್ತಿದೆ, ಒಳ್ಳೆಯದೇ’ ಎಂದು ಇದನ್ನೆಲ್ಲ ತೇಲಿಸಿಬಿಡುವವರು ಒಳ್ಳೆಯ ಥೆರಪಿಸ್ಟ್ ಅಲ್ಲ. ವೇಗ ತಗ್ಗಿಸುವವರು ಒಳ್ಳೆಯವರು.

ಈ ಪದ್ಧತಿಯ ಅತಿ ದುರ್ಬಲ ಜಾಗ ಅದರ ಸರ್ಟಿಫಿಕೇಟು. ಮೂರು ವರ್ಷದ ತರಬೇತಿಗೆ ಮನಶ್ಶಾಸ್ತ್ರಜ್ಞರಷ್ಟೇ ಅಲ್ಲ, ಯೋಗ ಶಿಕ್ಷಕರು, ಮಸಾಜ್ ಮಾಡುವವರು, ಲೈಫ್ ಕೋಚ್‌ಗಳೂ ಸೇರಬಹುದು. ಆದ್ದರಿಂದ ಫೀಸು ಕೇಳುವ ಮೊದಲೇ ಅವರ ಮೂಲ ಓದು ಯಾವುದು ಎಂದು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐ ನೋಂದಣಿ ಇದೆಯೇ ನೋಡಿ. ಮುಟ್ಟುವ ಅಗತ್ಯ ಬಂದರೆ ಪ್ರತಿಸಲ ಅನುಮತಿ ಕೇಳುತ್ತೀರಾ, ಬೇಡ ಎಂದರೆ ಚಿಕಿತ್ಸೆ ಹೇಗೆ ಮುಂದುವರಿಸುತ್ತೀರಿ ಎಂದೂ ವಿಚಾರಿಸಿ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರ ಬಳಿ ಎರಡನೇ ಸಲ ಹೋಗಬೇಕಿಲ್ಲ. ನುಂಗುತ್ತಿರುವ ಮಾತ್ರೆ ಬಿಡಿ ಎಂದವರ ಬಳಿಯಂತೂ ಬೇಡವೇ ಬೇಡ. ಸಾಯುವ ಯೋಚನೆ ಬರುತ್ತಿದ್ದರೆ ಇದರಿಂದ ಶುರುಮಾಡಬೇಡಿ. ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.