ಸ್ಟಾಪ್‌ವಾಚ್ ಮತ್ತು ಪಿಗ್ಮಿ ಪುಸ್ತಕ

ಮ್ಯಾನೇಜ್‌ಮೆಂಟ್ ಓದುವವರೆಲ್ಲ ಫ್ರೆಡರಿಕ್ ಟೇಲರನ ಹೆಸರನ್ನು ಮೊದಲ ವಾರದಲ್ಲೇ ಕೇಳುತ್ತಾರೆ. ಆತನ ಪುಸ್ತಕವನ್ನು ತೆರೆದು ನೋಡುವವರು ಕಡಿಮೆ. 1911ರಲ್ಲಿ ಬಂದ 'ದಿ ಪ್ರಿನ್ಸಿಪಲ್ಸ್ ಆಫ್ ಸೈಂಟಿಫಿಕ್ ಮ್ಯಾನೇಜ್‌ಮೆಂಟ್' ತೆಳು ಪುಸ್ತಕ. ಮಣಿಪಾಲದ ಮಳೆಗಾಲದ ಒಂದು ಮಧ್ಯಾಹ್ನ ಸಾಕು. ಓದಿ ಕೆಳಗಿಟ್ಟಾಗ ನನಗೆ ಬಂದ ಅನುಮಾನ ಇಷ್ಟು: ಇದು ಶಾಸ್ತ್ರವೋ, ಶಾಸ್ತ್ರದ ಅಂಗಿ ತೊಡಿಸಿದ ಕತೆಯೋ?

ಕತೆ ಗೊತ್ತಿರುವುದೇ. 1899, ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆ. ಕಬ್ಬಿಣದ ಗಟ್ಟಿಗಳನ್ನು ಹೊತ್ತು ವ್ಯಾಗನ್ನಿಗೆ ತುಂಬುವ ಕೂಲಿಗಳು ತಲಾ ದಿನಕ್ಕೆ 12.5 ಟನ್ ಹೊರುತ್ತಿದ್ದರು. ಅವರಲ್ಲಿ ಒಬ್ಬನನ್ನು ಆರಿಸಿ, ಅವನಿಗೆ 'ಶ್ಮಿಟ್' ಎಂದು ಹೆಸರಿಟ್ಟು, ಎತ್ತು ಎಂದಾಗ ಎತ್ತಬೇಕು, ಕೂರು ಎಂದಾಗ ಕೂರಬೇಕು ಎಂದು ಗಡಿಯಾರ ಹಿಡಿದವನೊಬ್ಬ ಪಕ್ಕದಲ್ಲೇ ನಿಂತ. ಸಂಜೆಗೆ 47.5 ಟನ್ ಆಗಿತ್ತಂತೆ. ಕೂಲಿ 1.15 ಡಾಲರಿನಿಂದ 1.85ಕ್ಕೆ ಏರಿತು. ಕೆಲಸ ಹತ್ತಿರ ಹತ್ತಿರ ನಾಲ್ಕು ಪಟ್ಟು, ಕೂಲಿ ಒಂದೂವರೆ ಪಟ್ಟಿಗಿಂತ ತುಸು ಮೇಲೆ. ಕಾರ್ಕಳದ ಕಡೆ ಬೀಡಿ ಕಟ್ಟುವ ಯಾವ ಹೆಂಗಸಿಗೂ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

1974ರಲ್ಲಿ ರೆಗ್ ಮತ್ತು ಪೆರೋನಿ ಎಂಬ ಇಬ್ಬರು ಸಂಶೋಧಕರು ಹಳೆಯ ದಾಖಲೆಗಳನ್ನು ಹಿಡಿದು ಕೂತಾಗ ಕತೆಯ ಬಹುಪಾಲು ಉದುರಿಹೋಯಿತು. ಗಟ್ಟಿಮುಟ್ಟಾದ ಹತ್ತು ಮಂದಿ ಒಂದು ವ್ಯಾಗನ್ನನ್ನು ಎಷ್ಟು ಬೇಗ ತುಂಬುತ್ತಾರೆಂದು ನೋಡಿ, ಅದನ್ನು ಇಡೀ ದಿನಕ್ಕೆ ಗುಣಿಸಿ, ವಿಶ್ರಾಂತಿಗೆಂದು ಶೇಕಡಾ 40ರಷ್ಟು ಕಳೆದು ಗುರಿಯ ಅಂಕಿಯನ್ನು ತೆಗೆಯಲಾಗಿತ್ತು. ಆ 40 ಎಲ್ಲಿಂದ ಬಂತು? ಅಂದಾಜು. ಶಾಸ್ತ್ರವೆಂದು ಕರೆಸಿಕೊಂಡದ್ದರ ಬುಡದಲ್ಲಿ ಒಂದು ಕಣ್ಣಂದಾಜು ಕೂತಿದೆ. ಅಂದಾಜು ಮಾಡಿದ್ದಕ್ಕೆ ನನ್ನ ತಕರಾರಿಲ್ಲ, ಯಾವ ಅಡಿಗೆಭಟ್ಟರೂ ಅದನ್ನು ಮಾಡುತ್ತಾರೆ. ಆದರೆ ಟೇಲರ್ ತನ್ನ ಅಂದಾಜನ್ನು ವಿಜ್ಞಾನವೆಂದು ಕರೆದು, ಕೂಲಿಯವನಿಗಿರುವ ಅಂದಾಜನ್ನು ಸೋಮಾರಿತನವೆಂದು ಕರೆದ. ಗಟ್ಟಿ ಹೊರುವವನನ್ನು ಎತ್ತಿಗೆ ಹೋಲಿಸಲೂ ಹಿಂಜರಿಯಲಿಲ್ಲ. ಯೋಚಿಸುವವನು ಬೇರೆ, ಮಾಡುವವನು ಬೇರೆ ಎಂಬ ಈ ವಿಭಜನೆಯೇ ಪುಸ್ತಕದ ನಿಜವಾದ ಹೂರಣ. ಪುಸ್ತಕ ಬಂದ ವರ್ಷವೇ ವಾಟರ್‌ಟೌನಿನ ಸೇನಾ ಕಾರ್ಖಾನೆಯಲ್ಲಿ ಸ್ಟಾಪ್‌ವಾಚ್ ಹಿಡಿದವರನ್ನು ಕಂಡು ಕೆಲಸಗಾರರು ಮುಷ್ಕರ ಹೂಡಿದರು.

ಇಂಥ ವಿಮರ್ಶೆ ಶುರುವಾದ ಕೂಡಲೇ ನಮ್ಮ ಕಡೆಯ ಸೆಮಿನಾರುಗಳಲ್ಲಿ ಒಬ್ಬರು ಎದ್ದುನಿಂತು, "ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು" ಎನ್ನುವುದುಂಟು. ಕೌಟಿಲ್ಯ ಬರುತ್ತಾನೆ, ಹಿಂದೆಯೇ ಕಾರ್ಕಳದ ಗೊಮ್ಮಟ. 1432ರಲ್ಲಿ 42 ಅಡಿಯ ಏಕಶಿಲೆಯನ್ನು ಬಂಡೆಯ ಮೇಲೆ ನಿಲ್ಲಿಸಿದ್ದು ಮ್ಯಾನೇಜ್‌ಮೆಂಟ್ ಇಲ್ಲದೆ ಆದೀತೇ ಎಂಬ ಪ್ರಶ್ನೆ. ಆಗಲಾರದು, ಒಪ್ಪಿದೆ. ಆದರೆ ಕೆಲಸ ನಡೆದಿದೆ ಎಂದಮಾತ್ರಕ್ಕೆ ಆ ಕೆಲಸದ ಶಾಸ್ತ್ರವೂ ಇತ್ತೆಂದಾಗುವುದಿಲ್ಲ. ಯಾರು ಹೇಗೆ ಯೋಜಿಸಿದರು ಎಂಬುದು ಕಲ್ಲಿನಲ್ಲಿ ಕಾಣದು.

ಕಾಣುವ ಕಡೆ ನೋಡಬೇಕೆಂದರೆ ಉಡುಪಿಯ ರಥಬೀದಿಗೆ ಬರಬೇಕು. ಅಷ್ಟಮಠಗಳ ಯತಿಗಳು ಸರದಿಯಲ್ಲಿ ಕೃಷ್ಣಪೂಜೆ ಮಾಡುವ ಪರ್ಯಾಯ ಮೊದಲು ಎರಡು ತಿಂಗಳಿನದಿತ್ತು; 1522ರಲ್ಲಿ ವಾದಿರಾಜ ತೀರ್ಥರು ಅದನ್ನು ಎರಡು ವರ್ಷಕ್ಕೆ ಏರಿಸಿದರು. ಭಕ್ತಿಯ ಕಾರಣಗಳನ್ನು ಬಲ್ಲವರು ಹೇಳಲಿ, ನನ್ನ ಕಣ್ಣಿಗೆ ಬೀಳುವುದು ಬೇರೆಯೇ. ಎರಡು ತಿಂಗಳಿಗೆ ಬರುವವನು ಬಾಳೆ ನೆಡುವುದಿಲ್ಲ. ಎರಡು ವರ್ಷಕ್ಕೆ ಬರುವವನು ನೆಡುತ್ತಾನೆ, ಅದೂ ವರ್ಷ ಮುಂಚೆ. ಪರ್ಯಾಯಕ್ಕೆ ಮೊದಲು ನಾಲ್ಕು ಮುಹೂರ್ತಗಳಿವೆ: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ನೆಟ್ಟ ಬಾಳೆ ಎಲೆ, ಗೊನೆ ಕೊಡಲು ಸುಮಾರು ಒಂದು ವರ್ಷ ಬೇಕು, ಆದ್ದರಿಂದ ಅದು ಮೊದಲು. ದಿನವೂ ಸಾವಿರಾರು ಎಲೆ ಬೀಳುವ ಅಡಿಗೆಮನೆಗೆ ಸೌದೆ ಹಸಿಯಾಗಿದ್ದರೆ ಆಗದು. ಆದ್ದರಿಂದ ಅದನ್ನು ತಿಂಗಳುಗಳ ಮೊದಲೇ ತೇರಿನಾಕಾರದಲ್ಲಿ ಒಟ್ಟಿ ಗಾಳಿಗೆ ಬಿಡುತ್ತಾರೆ. ದಾಸ್ತಾನಿನ ಲೆಕ್ಕವನ್ನು ಪಂಚಾಂಗಕ್ಕೆ ಹೊಲಿದುಬಿಟ್ಟಿದ್ದಾರೆ, ಯಾರೂ ಮರೆಯುವಂತಿಲ್ಲ. ಇದಕ್ಕೊಂದು ಮಿತಿಯೂ ಇದೆ. ಮುಹೂರ್ತವಾದದ್ದನ್ನು ಪರೀಕ್ಷೆಗೆ ಒಡ್ಡುವಂತಿಲ್ಲ, ತಪ್ಪಾಯಿತು ಎಂದು ಬದಲಿಸುವಂತಿಲ್ಲ. ಟೇಲರ್ ಸೋತರೂ ಅಳೆದು ನೋಡಬೇಕು ಎಂಬ ಮಾತೊಂದನ್ನು ಬಿಟ್ಟುಹೋದ, ಅದಕ್ಕೆ ಅವನಿಗೊಂದು ನಮಸ್ಕಾರ ಸಲ್ಲಬೇಕು. ಎರಡನೇ ಮಹಾಯುದ್ಧದಲ್ಲಿ ಬ್ಲ್ಯಾಕೆಟ್‌ರಂಥ ಭೌತವಿಜ್ಞಾನಿಗಳು ಹಡಗುಪಡೆಗಳ ಲೆಕ್ಕ ಹಾಕಿದ್ದು, 1954ರಲ್ಲಿ 'ಮ್ಯಾನೇಜ್‌ಮೆಂಟ್ ಸೈನ್ಸ್' ಎಂಬ ಹೆಸರಿನಲ್ಲೇ ಪತ್ರಿಕೆ ಹೊರಟಿದ್ದು, ಎಲ್ಲ ಆ ಮಾತಿನ ಬೆನ್ನು ಹತ್ತಿಯೇ.

ಈ ಎರಡರ ನಡುವೆ ನಿಲ್ಲುವ ಪ್ರಯೋಗವೆಂದು ನಾನು ಗುರುತಿಸುವುದು ಪಿಗ್ಮಿಯನ್ನು. 1925ರಲ್ಲಿ ಉಡುಪಿಯಲ್ಲಿ ವೈದ್ಯ ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಸೇರಿ 8000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಕೈಮಗ್ಗ ನೆಲಕಚ್ಚಿದ್ದ ಕಾಲ. ನೇಕಾರರಿಗೆ ಸಾಲ ಕೊಡುವುದು ಉದ್ದೇಶ. 1928ರಲ್ಲಿ ಪಿಗ್ಮಿ ಬಂತು: ದಿನಕ್ಕೆ ಎರಡಾಣೆಯಿಂದ ಠೇವಣಿ, ಅದೂ ಏಜೆಂಟರೇ ಮನೆಬಾಗಿಲಿಗೆ ಬಂದು ಒಯ್ಯುವುದು. ಎರಡಾಣೆಯಂತೆ ಮೂವತ್ತು ದಿನ ಕೂಡಿದರೆ ಮೂರು ರೂಪಾಯಿ ಹನ್ನೆರಡಾಣೆ. ಬ್ಯಾಂಕಿನ ಮಟ್ಟಿಗೆ ನಗೆಪಾಟಲಿನ ಮೊತ್ತ.

ಆದರೆ ಇದನ್ನು ರೂಪಿಸಿದವರು ಗಿರಾಕಿಯ ದಿನಚರಿಯನ್ನು ಚೆನ್ನಾಗಿ ಓದಿದ್ದರು. ಕಾಪುವಿನ ಮೀನು ಮಾರುವ ಹೆಂಗಸಿಗೆ ತಿಂಗಳ ಸಂಬಳವಿಲ್ಲ. ಬುಟ್ಟಿ ಖಾಲಿಯಾದ ದಿನ ದುಡ್ಡು, ಕಡಲು ಕೆರಳಿದ ಆಷಾಢದಲ್ಲಿ ಏನೂ ಇಲ್ಲ. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವರದೂ ಹಾಗೆಯೇ: ಬೆಳಿಗ್ಗೆ ಕೊಯ್ದು, ಬಾಳೆನಾರಿನಲ್ಲಿ ಚೆಂಡು ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯಂತೆ ಕೊಟ್ಟರೆ ಆ ದಿನದ ದರವೇ ಆ ದಿನದ ಆದಾಯ. ಇವರ ಬಳಿ ತಿಂಗಳಿಗೊಮ್ಮೆ ಹೋಗುವ ಬ್ಯಾಂಕಿಗೆ ಏನೂ ಸಿಗದು, ಸಂಜೆ ಸಂಜೆ ಹೋಗುವವನಿಗೆ ಎರಡಾಣೆ ಸಿಗುತ್ತದೆ. ಯಾವ ಓಣಿಗೆ ಎಷ್ಟು ಹೊತ್ತಿಗೆ ಹೋಗಬೇಕು, ಯಾರನ್ನು ಇವತ್ತು ಕೇಳಬಾರದು, ಯಾರ ಮನೆಯಲ್ಲಿ ಮದುವೆ ಇದೆ, ಇದೆಲ್ಲ ಪಿಗ್ಮಿಯವರ ತಲೆಯಲ್ಲಿತ್ತು. ಅವರ ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ಯಾರೂ ನಡೆಯಲಿಲ್ಲ. ಯೋಚಿಸುವವನೂ ಮಾಡುವವನೂ ಒಬ್ಬನೇ ಆಗಿದ್ದ. 1980ರಲ್ಲಿ ಟಿ.ಎ. ಪೈ ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಶಾಲೆ ತೆರೆಯುವುದಕ್ಕೆ ಅರ್ಧ ಶತಮಾನ ಮೊದಲೇ ಈ ಪಾಠ ಊರಲ್ಲಿ ನಡೆದಾಡುತ್ತಿತ್ತು ಎಂದರೆ ಉತ್ಪ್ರೇಕ್ಷೆಯಾಗದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ವಿಮರ್ಶೆಯಾಗದೆ ಸನ್ಮಾನಪತ್ರವಾಗುತ್ತಿತ್ತು. ಪಿಗ್ಮಿಯವರಿಗೆ ಸಂಬಳವಿರಲಿಲ್ಲ, ಕಮಿಷನ್ ಮಾತ್ರ. ತಂದಷ್ಟಕ್ಕೆ ದುಡ್ಡು, ಜ್ವರ ಬಂದ ದಿನ, ಹೊಳೆ ಉಕ್ಕಿದ ದಿನ ಸೊನ್ನೆ. ಹೊತ್ತ ಟನ್ನಿಗೆ ತಕ್ಕ ಕೂಲಿ ಎಂದ ಟೇಲರನ ಲೆಕ್ಕವೇ ಇದು, ಮೇಲ್ವಿಚಾರಕನೊಬ್ಬನಿಲ್ಲ ಅಷ್ಟೆ. ತಿಳಿವಳಿಕೆ ಏಜೆಂಟನದು, ಬಿಸಿಲುಮಳೆಯೂ ಏಜೆಂಟನದು, ಠೇವಣಿ ಬ್ಯಾಂಕಿನದು. ಅವರು ನಮ್ಮ ನೌಕರರೇ ಅಲ್ಲ, ಸ್ವತಂತ್ರ ಏಜೆಂಟರು ಎಂದು ಬ್ಯಾಂಕುಗಳು ವಾದಿಸಿದವು. ವ್ಯಾಜ್ಯ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರ ಫೆಬ್ರವರಿಯಲ್ಲಿ ತೀರ್ಪು ಬಂತು: ಅವರು ಕಾರ್ಮಿಕರೇ, ಕಮಿಷನ್ ಎಂಬುದು ದುಡಿಮೆಗೆ ತಕ್ಕಂತೆ ಕೊಡುವ ವೇತನವೇ. ಕಾಯಂ ನೌಕರರ ವೇತನಶ್ರೇಣಿ ಮಾತ್ರ ದಕ್ಕಲಿಲ್ಲ. ಪಿಗ್ಮಿ ಶುರುವಾಗಿ ಆಗಲೇ 73 ವರ್ಷ. ಪಿಗ್ಮಿಯನ್ನು ಹೊಗಳುವ ಭಾಷಣಗಳಲ್ಲಿ 1928 ತಪ್ಪದೆ ಬರುತ್ತದೆ, ಈ 2001 ಬಂದದ್ದನ್ನು ನಾನು ಕೇಳಿಲ್ಲ.

2020ರ ಏಪ್ರಿಲ್ 1ರಂದು, ಉಡುಪಿಯ ಆ ಸಂಸ್ಥೆಯಿಂದಲೇ ಬೆಳೆದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಬೋರ್ಡುಗಳು ಬದಲಾದವು. ಪಿಗ್ಮಿಯವರು ಹೋಗಿಲ್ಲ. ಸಹಕಾರಿ ಸೊಸೈಟಿಗಳ ಪರವಾಗಿ ಅಂಗಡಿ ಅಂಗಡಿ ಹತ್ತಿ ಇಳಿಯುತ್ತಾರೆ, ಪುಸ್ತಕದ ಜಾಗದಲ್ಲಿ ಈಗ ಚೀಟಿ ಉಗುಳುವ ಸಣ್ಣ ಯಂತ್ರ. ಚೀಟಿಯಲ್ಲಿ ಖಾತೆ ಸಂಖ್ಯೆ, ಮೊತ್ತ, ತಾರೀಕು ಎಲ್ಲ ಬರುತ್ತವೆ. ಅಂಗಡಿಯವನ ಮುಖ ನೋಡಿ, "ಇವತ್ತು ಬೇಡ, ನಾಳೆ ಬರುತ್ತೇನೆ" ಎಂದು ಮೆಟ್ಟಿಲು ಇಳಿದುಹೋದ ದಿನಕ್ಕೆ ಆ ಯಂತ್ರದಿಂದ ಚೀಟಿಯೂ ಬರುವುದಿಲ್ಲ, ಕಮಿಷನ್ನೂ ಬರುವುದಿಲ್ಲ.